ಕಂಬಕ್ಕೆ ನಂಬರು ಬಿದ್ದ ಮನೆ

ಮಸ್ಕಿಯ ಕಿರಾಣಿ ವ್ಯಾಪಾರಿ ದೊಡ್ಡಬಸಪ್ಪನನ್ನು ಹುಟ್ಟು ಅಂಜುಬುರುಕ ಎಂದರೆ ಅನ್ಯಾಯವಾದೀತು. ಹುಟ್ಟಿದಾಗ ಅವನು ಧೈರ್ಯವಂತನೇ ಇದ್ದ, ಸೂಲಗಿತ್ತಿಯ ಎದೆಗೆ ಒದ್ದಿದ್ದ ಎಂದು ಅವನ ಸೋದರತ್ತೆ ಅಂಬಮ್ಮ ಇವತ್ತಿಗೂ ಸಾಕ್ಷಿ ಹೇಳುತ್ತಾಳೆ. ಅಂಜಿಕೆ ಬಂದದ್ದು ತಿಳಿವಳಿಕೆ ಬಂದ ಮೇಲೆ. ತಿಳಿವಳಿಕೆ ಒಂದು ಹಂತಕ್ಕೆ ಬಂದು ನಿಂತಿತು, ಅಂಜಿಕೆ ಬೆಳೆಯುತ್ತಲೇ ಹೋಯಿತು. ತೂಕದ ಕಲ್ಲು ನೋಡಲು ಬರುವ ಇನ್‌ಸ್ಪೆಕ್ಟರಿಗೆ ಅವನು ಅಂಜುತ್ತಿದ್ದ. ತೂಕ ಸರಿ ಇದ್ದ ವರ್ಷ ಇನ್ನೂ ಹೆಚ್ಚು ಅಂಜುತ್ತಿದ್ದ, ಸರಿ ಇದ್ದದ್ದಕ್ಕೆ ಏನು ಕೇಳುತ್ತಾನೋ ಎಂದು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದ ಮೇಲಂತೂ ತನ್ನ ಮನೆಯ ಮಾಳಿಗೆಗೇ ಅಂಜತೊಡಗಿದ.

ಮನೆ ದೊಡ್ಡದು. ಕಲ್ಲು ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯಲ್ಲಿ ಎಂಟು ಕಟ್ಟಿಗೆ ಕಂಬ. ಆ ಭೂಕಂಪದ ಸುದ್ದಿ ಕೇಳಿದ ದಿನದಿಂದ ಹೆಂಡತಿ ಪಾರ್ವತೆಮ್ಮ ಮಕ್ಕಳನ್ನು ಕರೆದುಕೊಂಡು ಅಂಗಳದಲ್ಲೇ ಮಲಗುತ್ತಿದ್ದಳು. “ಈ ಮಳಿಗಾಲದೊಳಗ ಸ್ಲ್ಯಾಬ್ ಹಾಕಸಲಿಲ್ಲಂದ್ರ ನಾ ಸಿಂಧನೂರಿಗೆ ತವರುಮನಿಗೆ ಹೋಗಾಕಿ ನೋಡ್ರಿ. ಈ ಮಣ್ಣಿನ ಕೆಳಗ ನನ್ನ ಮಕ್ಕಳನ್ನ ಮಲಗಸಂಗಿಲ್ಲ,” ಎಂದು ದಿನಾ ಹೇಳುತ್ತಿದ್ದಳು. ಒಳಗೆ ಮಲಗುತ್ತಿದ್ದವಳು ಅಂಬಮ್ಮ ಒಬ್ಬಳೇ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಪಡಸಾಲೆಯ ಮೊದಲ ಕಂಬಕ್ಕೆ ಒರಗಿ ಕುಳಿತೇ ಮುದುಕಿಯಾಗಿದ್ದಳು. ದೊಡ್ಡಬಸಪ್ಪನನ್ನು ಸಾಕಿದವಳೂ ಅವಳೇ. ಹೀಗಾಗಿ ಅವನು ಹೆಂಡತಿಗೆ ಹ್ಞೂಂ ಅಂದು, ಹಳೆಯದನ್ನು ಮುಟ್ಟಬೇಡ ಎನ್ನುವ ಅತ್ತೆಗೂ ಹ್ಞೂಂ ಅಂದು, ಹೊಸ್ತಿಲಿನ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಮಲಗುತ್ತಿದ್ದ.

ಮಸ್ಕಿಗೆ ಪರದೇಶದವರೇನು ಹೊಸಬರಲ್ಲ. ಗುಡ್ಡದಲ್ಲಿರುವ ಅಶೋಕನ ಶಾಸನ ನೋಡಲು ಆಗೀಗ ಬರುತ್ತಾರೆ, ಬಿಸಿಲಿಗೆ ಕೆಂಪಗಾಗಿ ಇಳಿಯುತ್ತಾರೆ, ಸೋಡಾ ಕುಡಿದು ಬಸ್ಸು ಹತ್ತುತ್ತಾರೆ. ಊರಿನ ಮನೆಗಳತ್ತ ತಿರುಗಿಯೂ ನೋಡುವುದಿಲ್ಲ. ಅಶೋಕನಿಗೆ ಇದ್ದ ಮರ್ಯಾದೆ ತಮಗಿಲ್ಲವಲ್ಲ ಎಂಬ ಸಣ್ಣ ಕೊರಗು ಊರಿನವರಿಗೆ ಮೊದಲಿನಿಂದಲೂ ಇತ್ತು. ಭೂಕಂಪದ ಮರುವರ್ಷ, ಶಿವರಾತ್ರಿಗೆ ಮುಂಚೆ ಬಂದ ಜರ್ಮನಿಯ ಹುಡುಗಿ ಮಾರ್ಟಿನಾ ಮಾತ್ರ ಗುಡ್ಡ ಇಳಿದವಳು ಸೋಡಾ ಕುಡಿಯದೆ ನೇರ ಓಣಿ ಹೊಕ್ಕು ಬಾಗಿಲು ಕಂಬಗಳನ್ನು ನೋಡುತ್ತ ನಿಂತಳು.

ಅವಳಿಗೆ ದುಭಾಷಿಯಾಗಿ ದೊರೆತವನು ಫೋಟೋ ಸ್ಟುಡಿಯೋದ ಗೋಪಣ್ಣ. ಊರಿನಲ್ಲಿ ಇಂಗ್ಲಿಷ್ ಬಲ್ಲವರು ನಾಲ್ಕಾರು ಮಂದಿ ಇದ್ದರು, ಮಾತಾಡುವ ಧೈರ್ಯ ಇದ್ದವನು ಅವನೊಬ್ಬನೇ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಅವಳನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ ಎಲ್ಲರಿಗೂ ಪರಿಚಯ ಮಾಡಿಕೊಟ್ಟ.

“ಇಕಿ ಹಳೇ ಮನಿ, ಹಳೇ ಗುಡಿ ಉಳಿಸೋ ವಿದ್ಯಾ ಓದ್ಯಾಳ. ಇಂಟರ್ನ್‌ಶಿಪ್ ಮಾಡಾಕ ನಮ್ಮ ದೇಶಕ್ಕ ಬಂದಾಳ.”

“ಹಂಗಂದ್ರೇನೋ ಗೋಪಣ್ಣ?”

“ಅಂದ್ರ, ನೌಕರಿ ಕಲಿಯೋ ನೌಕರಿ. ಪಗಾರ ಇಲ್ಲ. ತನ್ನ ಖರ್ಚಿನ್ಯಾಗ ಬಂದಾಳ.”

ಪಗಾರವಿಲ್ಲದೆ, ಕೈಯಿಂದ ಖರ್ಚು ಮಾಡಿಕೊಂಡು, ಸಮುದ್ರ ದಾಟಿ ಬಂದು ಮಸ್ಕಿಯ ಗೋಡೆ ನೋಡುವವರು ಲೋಕದಲ್ಲಿ ಇದ್ದಾರೆಂದು ಅಲ್ಲಿದ್ದ ಯಾರೂ ನಂಬಲಿಲ್ಲ. ಆದರೆ ಅತಿಥಿಯ ಮುಂದೆ ಹಾಗೆ ಹೇಳುವುದು ನಮ್ಮ ಕಡೆಯ ರೀತಿಯಲ್ಲ. ಎಲ್ಲರೂ ಪೂರ್ತಿ ನಂಬಿದವರಂತೆ ತಲೆ ಆಡಿಸಿದರು. ನಂಬದ ಮಾತಿಗೆ ತಲೆ ಆಡಿಸಿದರೆ ಏನಾಗುತ್ತದೆ ಎಂಬುದನ್ನು ಆ ವಾರ ಊರು ಚೆನ್ನಾಗಿ ಕಲಿಯಿತು.

“ಹಳೇ ಮನಿ ನೋಡಬೇಕಂದ್ರ ನಮ್ಮನಿಗೆ ಬರ್ರಿ,” ಎಂದವನು ಹತ್ತಿ ವ್ಯಾಪಾರದ ಅಮರಗುಂಡಪ್ಪ. ಅವನ ಮನೆ ದೊಡ್ಡಬಸಪ್ಪನ ಮನೆಗೆ ಎದುರು. “ನಮ್ಮದು ಮುನ್ನೂರು ವರ್ಷದ ಮನಿ.”

ದೊಡ್ಡಬಸಪ್ಪನ ಬಾಯಿಯಲ್ಲಿ ಆಗ ಮಿರ್ಚಿ ಭಜಿ ಇತ್ತು. ಅದನ್ನು ನುಂಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮರಗುಂಡಪ್ಪ ಗೋಲಿ ಆಡುವ ಕಾಲದಿಂದ ಎಲ್ಲದರಲ್ಲೂ ಅವನಿಗಿಂತ ಒಂದು ಹೆಜ್ಜೆ ಮುಂದೆ ಇದ್ದವನು. ದೊಡ್ಡಬಸಪ್ಪ ಭಜಿಯನ್ನು ಕೆನ್ನೆಗೆ ಸರಿಸಿ, “ನಮ್ಮದು ನಾನೂರು!” ಎಂದುಬಿಟ್ಟ.

ಮಾರ್ಟಿನಾ ತಿರುಗಿ ನೋಡಿ ನಕ್ಕಳು. ಅವಳು ನಕ್ಕದ್ದೇ ತಡ, ದೊಡ್ಡಬಸಪ್ಪನಿಗೆ ಮೈಮೇಲೆ ಬಂದಂತಾಯಿತು. ಎದ್ದು ನಿಂತು, ಹೋಟೆಲಿನವರೆಲ್ಲ ಕೇಳುವಂತೆ, ನಾವು ಯಾರೇ ಬಂದರೂ ಹೇಳುವ ಮಾತನ್ನೇ ಹೇಳಿದ: “ನಡೀರಿ ಬಾಯಾರ. ಅದು ನಿಮ್ಮ ಮನಿನ ಅಂತ ತಿಳಕೊಳ್ರಿ. ಏನ್ ಬೇಕನಸ್ತದೋ ಅದನ್ನ ಒಯ್ಯಿರಿ, ಇಲ್ಲನ್ನಾಂವ ನಾನಲ್ಲ!”

ಮನೆಗೆ ಬಂದವಳು ಟೇಪು ಬಿಚ್ಚಿ ಗೋಡೆ, ಗೂಡು, ಹೊಸ್ತಿಲು, ತೊಲೆ ಎಲ್ಲ ಅಳೆದಳು. ಕಂಬದ ಮೇಲಿನ ಕೆತ್ತನೆಯ ಮೇಲೆ ಬೆರಳಾಡಿಸಿ ಏನೋ ಗುನುಗಿದಳು. ಅಂಬಮ್ಮ ತನ್ನ ಕಂಬ ಬಿಟ್ಟು ಏಳಲಿಲ್ಲ. ಹುಡುಗಿ ಅವಳ ಸುತ್ತಲೂ ಟೇಪು ಹಾಯಿಸಿ ಅವಳನ್ನೂ ಸೇರಿಸಿ ಅಳೆದಳು.

“ಹೆಸರೇನಬೇ ನಿಂದು?” ಎಂದಳು ಅಂಬಮ್ಮ.

“ಮಾರ್ಟಿನಾ.”

“ಮಾರೆಮ್ಮ? ಒಳ್ಳೇದಾತು, ಊರ ದೇವಿ ಹೆಸರ ಇಟ್ಟಾರ,” ಎಂದು ಅಂಬಮ್ಮ ಒಂದು ಹಿಡಿ ಮಂಡಕ್ಕಿ ಕೊಟ್ಟಳು.

ಕೊನೆಗೆ ಹುಡುಗಿ ಚೀಲದಿಂದ ಚಾಕ್‌ಪೀಸ್ ತೆಗೆದು, ಎಂಟು ಕಂಬಗಳ ಮೇಲೂ ಕ್ರಮವಾಗಿ ನಂಬರು ಬರೆದಳು. “ಶುಕ್ರವಾರ ಬರ್ತಾಳಂತ. ಬಂದು ಕೆಲಸ ಮುಗಿಸ್ತಾಳಂತ,” ಎಂದು ಗೋಪಣ್ಣ ಹೇಳಿದ. ಅವಳು ಲಿಂಗಸುಗೂರಿನ ಪ್ರವಾಸಿ ಮಂದಿರಕ್ಕೆ ಹೋದಳು. ಗೋಪಣ್ಣ ಕ್ಯಾಮೆರಾ ಹೆಗಲಿಗೇರಿಸಿ ತುರ್ವಿಹಾಳದ ಯಾವುದೋ ದೊಡ್ಡ ಮದುವೆಗೆ ಫೋಟೋ ಹೊಡೆಯಲು ಹೋದ. ಅಲ್ಲಿಗೆ ಶುಕ್ರವಾರದ ತನಕ ಊರಿನಲ್ಲಿ ಇಂಗ್ಲಿಷಿನ ಧೈರ್ಯವೆಂಬುದು ಉಳಿಯಲಿಲ್ಲ.

ಮರುದಿನ ಮುಂಜಾನೆ ಬೆಲ್ಲ ಒಯ್ಯಲು ಜಿಲಾನಿಸಾಬ್ ಬಂದ. ಲಾರಿ ಓಡಿಸಿ ನಿವೃತ್ತನಾದವನು, ದೇಶ ತಿರುಗಿದವನು. ಅಂಗಡಿ ಮನೆಯ ಮುಂಭಾಗದಲ್ಲೇ ಇದ್ದುದರಿಂದ ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಬೆಲ್ಲಕ್ಕೆ ಚಾಚಿದ ಅವನ ಕೈ ಅಲ್ಲೇ ನಿಂತಿತು.

“ಸಾವ್ಕಾರ್ರ, ಕಂಬಕ್ಕ ನಂಬರು ಯಾರು ಬರದಾರ?”

ದೊಡ್ಡಬಸಪ್ಪ ಹೆಮ್ಮೆಯಿಂದ ಹೇಳಿದ. ಜಿಲಾನಿಸಾಬ್ ಬೆಲ್ಲವನ್ನು ಮರೆತು ಗೋಣಿಚೀಲದ ಮೇಲೆ ಕುಳಿತ.

“ಯಾ ಅಲ್ಲಾ. ಇದನ್ನ ನಾ ಕಣ್ಣಾರೆ ನೋಡೀನ್ರಿ. ಕೃಷ್ಣಾ ಹೊಳಿಗೆ ಡ್ಯಾಮ್ ಕಟ್ಟಿದಾಗ ಆಲಂಪುರದ ಕಡೆ ಗುಡಿಗೊಳು ಮುಳುಗತಾವಂತ ಸರ್ಕಾರದವರು ಹಿಂಗ ಒಂದೊಂದು ಕಲ್ಲಿಗೆ ನಂಬರು ಹಾಕಿದ್ರು. ನಂಬರು ಹಾಕಿದ್ದು ಯಾಕ? ಬಿಚ್ಚಾಕ. ಬಿಚ್ಚಿ, ಲಾರಿಗೆ ಏರಿಸಿ, ಬ್ಯಾರೆ ಊರಾಗ ಅದ ನಂಬರಿನ ಪರ್ಕಾರ ಜೋಡಿಸಿ ನಿಲ್ಲಿಸಿಬಿಟ್ರು! ನಾನ ಲಾರಿ ಓಡಿಸೀನಿ. ಒಂದು ನಂದಿ ನನ್ನ ಲಾರ್ಯಾಗ ಬಂದಿತ್ತು.”

“ಅಂದ್ರ?”

“ಅಂದ್ರೇನು. ನಿಮ್ಮ ಮನಿ ಜರ್ಮನಿಗೆ ಹೊಂಟೈತಿ.”

ದೊಡ್ಡಬಸಪ್ಪ ಕೂತಲ್ಲಿಂದ ಎದ್ದು ನಿಂತ. “ಹಂಗ ಹೆಂಗ ಒಯ್ತಾರ ಸಾಬ್ರ? ಯಾರನ್ನ ಕೇಳಿ?”

“ನಿಮ್ಮನ್ನ ಕೇಳೇ. ‘ನಿಮ್ಮ ಮನಿ ಅಂತ ತಿಳಕೊಳ್ರಿ, ಬೇಕಾದ್ದು ಒಯ್ಯಿರಿ’ ಅಂದೀರಿ. ನಾ ಆವಾಗ ಚಹಾ ಕುಡ್ಯಾಕತ್ತಿದ್ದೆ. ಹೋಟೆಲ್ ತುಂಬ ಮಂದಿ ಗವಾ, ಸಾಕ್ಷಿ ಐತಿ. ಪಗಾರ ಇಲ್ಲದ ಅಷ್ಟು ದೂರ ಯಾರರ ಬರ್ತಾರೇನ್ರಿ? ಮನಿನ ಆಕಿ ಪಗಾರ!”

ಹಿಂದಿನ ದಿನದಿಂದ ಊರಿನವರ ತಲೆಯಲ್ಲಿ ಬಿಡಿಸದೆ ಉಳಿದಿದ್ದ ಗಂಟು ಈ ಮಾತಿಗೆ ಸರಕ್ಕನೆ ಬಿಚ್ಚಿಕೊಂಡಿತು. ಮಧ್ಯಾಹ್ನದೊಳಗೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಹೀಗೆ ಅರ್ಥವಾದ ಸುದ್ದಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ಊರಿಗೂ ಇಲ್ಲ.

ದೊಡ್ಡಬಸಪ್ಪ ಒಳಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಅಳುತ್ತಾಳೆಂದು ಅವನೆಣಿಸಿದ್ದ. ಪಾರ್ವತೆಮ್ಮ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಪರಾತಕ್ಕೆ ಹಾಕಿ, ದೇವರ ಗೂಡಿನತ್ತ ತಿರುಗಿ ಕೈ ಮುಗಿದಳು.

“ಒಯ್ಯಲಿ ಬಿಡ್ರಿ! ಬಿಚ್ಚೋ ಖರ್ಚು ಸೈತ ಆಕೀದ. ಜಾಗ ಸಾಪ್ ಆಗ್ತದ, ನಾವು ಆರಾಮ ಸ್ಲ್ಯಾಬ್ ಹಾಕಸಬಹುದು. ಸಿಂಧನೂರಿಗೆ ಹೇಳಿ ಕಳಸ್ತೀನಿ, ಶುಕ್ರವಾರಕ್ಕ ನನ್ನ ತಮ್ಮ ಲಾರಿ ತುಂಬ ಸಿಮೆಂಟು ಕಬ್ಬಿಣ ಕಳಸಲಿ.”

ಅಂಬಮ್ಮ ಮಾತ್ರ ಕೈಯಲ್ಲಿದ್ದ ಮಂಡಕ್ಕಿಯನ್ನು ಬುಟ್ಟಿಗೆ ಸುರಿದಳು. ಆಮೇಲೆ ಹೇಳಿದಳು: “ಬೀದ್ಯಾಗ ಹೋಗೋ ಮಾರೀನ ಕರದು ಮನ್ಯಾಗ ಹೊಗಸ್ಕೊಂಡ್ಯಲ್ಲೋ ಬಸ್ಯಾ. ಹೆಸರು ಕೇಳಿದಾಗರ ನನಗ ತಿಳೀಬೇಕಿತ್ತು.” ಕಂಬವನ್ನು ಕೈಯಿಂದ ಸವರಿದಳು. “ಈ ಮನಿಗೆ ತಿರುಗಿ ಬಂದ ದಿನ ಇದರ ಬುಡಕ್ಕ ಕುಂತೆ. ಯಾರೂ ಮಾತಾಡಸಲಿಲ್ಲ. ಇದಕ್ಕ ಒರಗಿದೆ. ಇದು ಹೋದರ ನಾ ಎಲ್ಲಿ ಒರಗಬೇಕಪಾ?”

ದೊಡ್ಡಬಸಪ್ಪ ಕಂಬಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದ. ಇಷ್ಟು ದಿನ ಈ ಮನೆ ಬಿದ್ದೀತೆಂದು ಅಂಜಿದವನು ಈಗ ಅದು ಬೀಳದೆ, ಗಟ್ಟಿಯಾಗಿಯೇ, ನಡೆದು ಹೋದೀತೆಂದು ಅಂಜಿದ. ಈ ಅಂಜಿಕೆ ಆ ಅಂಜಿಕೆಗಿಂತ ಕೆಟ್ಟದಾಗಿತ್ತು.

ಮರುದಿನ ಲಿಂಗಸುಗೂರಿಗೆ ಹೊರಟ, ಕಾಯ್ದೆ ಕೇಳಿ ಬರಲು. ಬಸ್ಸಿನಲ್ಲಿ ಕಂಡಕ್ಟರು ಟಿಕೀಟು ಹರಿಯುತ್ತ, “ಮನಿ ಯಾವತ್ತು ಹೊಂಟೈತ್ರಿ?” ಎಂದ. ಹಿಂದಿನ ಸೀಟಿನ ಮುದುಕನೊಬ್ಬ, “ಅಲ್ಲಿ ಥಂಡಿ ಬಾಳಂತ, ಕಂಬಕ್ಕ ಹೊದಿಸಿ ಕಳಸ್ರಿ,” ಎಂದು ಬುದ್ಧಿ ಹೇಳಿದ. ದೊಡ್ಡಬಸಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತ.

ಲಿಂಗಸುಗೂರಿನಲ್ಲಿ ಕಾಯ್ದೆಗೆ ಕನಕರಾಯ. ಅವನು ವಕೀಲನಲ್ಲ, ನೌಕರನೂ ಅಲ್ಲ. ಬೇವಿನ ಗಿಡದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಅರ್ಜಿ ಬರೆಯುವವನು. ವಕೀಲರು ಹೇಳಿದ್ದು ಒಮ್ಮೊಮ್ಮೆ ಜನಕ್ಕೆ ತಿಳಿಯುತ್ತಿರಲಿಲ್ಲ, ಕನಕರಾಯ ಹೇಳಿದ್ದು ತಿಳಿದು ನಿದ್ದೆ ಹಾರುತ್ತಿತ್ತು. ಕಥೆ ಪೂರ್ತಿ ಕೇಳಿ ಅವನು ಮಷೀನಿನ ಮೇಲೆ ಬಟ್ಟೆ ಮುಚ್ಚಿದ. ಅವನು ಹಾಗೆ ಮುಚ್ಚಿದನೆಂದರೆ ವಿಷಯ ಗಂಭೀರ ಎಂದರ್ಥ.

“ನೂರು ವರ್ಷ ದಾಟಿದ ಪುರಾತನ ಸಾಮಾನು ಪರದೇಶಕ್ಕ ಸಾಗಸೋದು ಅಪರಾಧ. ಗೇಣುದ್ದದ ಮೂರ್ತಿ ಸಾಗಿಸಿದವರನ್ನ ಒಳಗ ಹಾಕ್ಯಾರ. ನೀವು ಇಡೀ ಮನಿ ಸಾಗಸಾಕತ್ತೀರಿ.”

“ನಾ ಸಾಗಸವಲ್ಲೆರಿ! ಅದ ಹೊಂಟೈತಿ.”

“ತಾನ ಹೋಗಾಕ ಮನಿಗೇನು ಕಾಲು ಅದಾವೇನು?”

“ಎಂಟು ಕಂಬ ಅದಾವ್ರಿ,” ಎಂದ ದೊಡ್ಡಬಸಪ್ಪ. ಹೆದರಿದಾಗ ಅವನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬಹಳ ಪ್ರಯತ್ನಿಸುತ್ತಿದ್ದ.

“ಮನಿ ಎಷ್ಟು ವರ್ಷದ್ದು?”

“ಖರೇ ಹೇಳಬೇಕಂದ್ರ, ನಮ್ಮ ಅತ್ತಿ ಕೂಸಿದ್ದಾಗ ನಮ್ಮ ಅಜ್ಜ ಕಟ್ಟಿಸಿದ್ದು. ಎಪ್ಪತ್ತೋ ಎಪ್ಪತ್ತೈದೋ.”

“ಮತ್ತ ನಾನೂರು ಅಂತ ಯಾರು ಹೇಳ್ಯಾರ?”

“ನಾನರೀ.”

“ಯಾರ ಮುಂದ?”

“ಊರ ಮುಂದ.”

ಕನಕರಾಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ನೋಡ್ರಿ. ನೂರರ ಒಳಗಿನ ಮನಿ ಆದ್ರ ಕಾಯ್ದೆ ಹತ್ತಂಗಿಲ್ಲ. ಯಾರು ಎಲ್ಲಿಗೆ ಬೇಕಾದ್ರೂ ಒಯ್ಬಹುದು. ಬಾಯಿಲೆ ಕೊಟ್ಟ ಮಾತಿಗೆ ಊರ ಸಾಕ್ಷಿ ಐತಿ. ಒಟ್ಟ ಹೇಳಬೇಕಂದ್ರ, ಹಳೇದಾದ್ರ ನೀವು ಜೈಲಿಗೆ, ಹೊಸದಾದ್ರ ಮನಿ ಜರ್ಮನಿಗೆ.”

ತಿರುಗಿ ಬರುವ ಬಸ್ಸಿನಲ್ಲಿ ದೊಡ್ಡಬಸಪ್ಪ ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಅಂಜಬೇಕೆಂದು ಲೆಕ್ಕ ಹಾಕಿದ. ಮಸ್ಕಿ ಬರುವ ಹೊತ್ತಿಗೆ ಮೊದಲು ಜೈಲಿನಿಂದ ಪಾರಾಗುವುದು, ಆಮೇಲೆ ಮನೆ ಉಳಿಸುವುದು ಎಂದು ನಿಶ್ಚಯಿಸಿದ. ಜೈಲಿನಿಂದ ಪಾರಾಗಲು ಮನೆ ಹೊಸದೆಂದು ಎದುರುಮನೆಯವನಿಂದ ಸಾಕ್ಷಿ ಬೇಕು. ಎದುರುಮನೆಯವನು ಅಮರಗುಂಡಪ್ಪ.

ಅಮರಗುಂಡಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ಸುತ್ತ ಓಣಿಯ ಮಂದಿ ಸೇರಿತ್ತು.

“ಅಮರಣ್ಣ, ನಮ್ಮ ಮನಿ ಎಪ್ಪತ್ತು ವರ್ಷದ್ದಂತ ನಿನಗ ಗೊತ್ತೈತಿ. ನಿಮ್ಮ ಅಜ್ಜನ ಬಂಡ್ಯಾಗ ಅಲ್ಲೇನು ಕಲ್ಲು ಬಂದಿದ್ದು? ನಾಕು ಮಂದಿ ಮುಂದ ಹೇಳಿಬಿಡಪಾ.”

ಅಮರಗುಂಡಪ್ಪ ಎಲೆಗೆ ಸುಣ್ಣ ಸವರಿದ. ಇಂಥ ದಿನಕ್ಕಾಗಿ ಅವನು ಎಷ್ಟು ವರ್ಷದಿಂದ ಕಾದಿದ್ದನೋ. “ಛೇ ಛೇ! ನಾನೂರು ವರ್ಷದ ಮನ್ತನ ನಿಮ್ಮದು! ನನ್ನ ಕಿವಿಲೆ ಕೇಳೀನಿ. ನಾ ಮುನ್ನೂರು ಅಂದಾಗ ನೀ ನಾನೂರು ಅಂದಿ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಇನ್ನ ನೋಡಿದರ ನನಗ ನಾನೂರೈವತ್ತು ಅನಸ್ತದ.”

“ಅಮರಣ್ಣ, ನಿನ್ನ ಕೈ ಮುಗೀತೀನಿ! ಹೊಸಾದು ಅದು!”

“ಇಲ್ಲಪಾ, ವಿಜಯನಗರದ ಕಾಲದ್ದು!”

ಮನೆಗೆ ಬಂದರೆ ಅಲ್ಲಿ ಇನ್ನೊಂದು ನಡೆದಿತ್ತು. ಓಣಿಯ ಹೆಂಗಸರು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟುಕೊಂಡು ಬಂದಿದ್ದರು. ಹೆಣ್ಣುಮಗಳು ತವರಿನಿಂದ ದೂರ ಹೊರಟಾಗ ಉಡಿ ತುಂಬುವುದು ಪದ್ಧತಿ. ಮನೆ ಅಷ್ಟು ದೂರ ಹೊರಟಿದೆ, ಬರಿಗೈಯಲ್ಲಿ ಕಳಿಸುವುದು ಹೇಗೆ? ಒಂದೊಂದು ಕಂಬಕ್ಕೂ ಖಣ ಸುತ್ತಿ, ಅದರ ಮಡಿಕೆಯಲ್ಲಿ ಅಕ್ಕಿ ಕೊಬ್ಬರಿ ಕಟ್ಟಿ, ಉಡಿ ತುಂಬಿದ್ದರು. ದೃಷ್ಟಿಯಾಗದಿರಲೆಂದು ಅಂಬಮ್ಮ ನಂಬರಿನ ಮೇಲ್ಗಡೆ ವಿಭೂತಿ ಎಳೆದಿದ್ದಳು. ಹೆಂಗಸರು ಕಣ್ಣೊರೆಸಿಕೊಂಡು, “ಹೋಗಿ ಬಾ ತಾಯಿ,” ಎಂದು ಕಂಬದ ಗಲ್ಲ ಸವರುತ್ತಿದ್ದರು. ಪಾರ್ವತೆಮ್ಮ ಎಲ್ಲರಿಗೂ ಚಹಾ ಕೊಡುತ್ತಿದ್ದಳು.

ದೊಡ್ಡಬಸಪ್ಪ ಗೋಡೆಗೆ ಆತು ನಿಂತ. ಹೆದರಿದವನ ಮೇಲೆ ಹಾವು ಎಸೆದಂತಾಯಿತು ಅವನ ಗತಿ. ಆದರೆ ಅತಿಯಾಗಿ ಹೆದರಿದ ಮನುಷ್ಯನಿಗೆ ಕೆಲವು ಸಲ ಬುದ್ಧಿಯಂಥದೇನೋ ಹೊಳೆಯುತ್ತದೆ. ಅವನಿಗೂ ಹೊಳೆಯಿತು: ನಂಬರಿನ ಪ್ರಕಾರ ಜೋಡಿಸುವುದಾದರೆ, ನಂಬರೇ ಅದಲುಬದಲಾದರೆ?

ಗುರುವಾರ ಮಧ್ಯಾಹ್ನ ಊಟ ಮಾಡಿ ಓಣಿಗೆ ಓಣಿಯೇ ಒರಗಿದ್ದಾಗ ಅವನು ಚಾಕ್‌ಪೀಸ್ ಹಿಡಿದು ಎದ್ದ. ಒಂದನೆಯ ಕಂಬಕ್ಕೆ ಏಳು, ಏಳಕ್ಕೆ ಮೂರು, ಮೂರಕ್ಕೆ ಎಂಟು. ಜರ್ಮನಿಯಲ್ಲಿ ಜೋಡಿಸಿದಾಗ ಪಡಸಾಲೆ ಅಡುಗೆಮನೆಗೆ ನುಗ್ಗಬೇಕು, ಮಾಳಿಗೆ ಅವರ ತಲೆಯ ಮೇಲೆ ಕೂರಬೇಕು. ಬರೆದು ಮುಗಿಸಿದರೂ ಚಾಕ್‌ಪೀಸ್ ಉಳಿದಿತ್ತು. ಎದುರಿಗೆ ಅಮರಗುಂಡಪ್ಪನ ಕಟ್ಟೆಯ ಕಂಬಗಳು ಬಿಸಿಲಲ್ಲಿ ಬೆತ್ತಲೆ ನಿಂತಿದ್ದವು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ದೊಡ್ಡಬಸಪ್ಪನ ಅಂಗಿ ಬೆವರಿಗೆ ಅಂಟಿತ್ತು, ಜೀವಮಾನದಲ್ಲಿ ಅಷ್ಟು ಅಂಜಿಕೊಂಡು ಅವನು ಏನನ್ನೂ ಮಾಡಿರಲಿಲ್ಲ. ಆದರೂ ಒಂಬತ್ತರಿಂದ ಹಿಡಿದು ಬರೆದುಕೊಂಡು ಹೋದ.

ಇಳಿಹೊತ್ತಿಗೆ ಅಮರಗುಂಡಪ್ಪ ಎದ್ದು ಮುಖ ತೊಳೆಯಲು ಹೊರಬಂದ. ಅಂಥ ಕೂಗನ್ನು ಓಣಿಯವರು ಅವನ ಹತ್ತಿಗೆ ಬೆಂಕಿ ಬಿದ್ದ ವರ್ಷವೂ ಕೇಳಿರಲಿಲ್ಲ.

“ನನಗೂ ಹತ್ತಿತೋ! ನಮ್ಮನಿಗೂ ಬಂತೋ ಮಾರೆಮ್ಮ!”

ಮಂದಿ ಓಡಿ ಬಂದರು. ಯಾರು ಬರೆದದ್ದು, ಯಾವಾಗ ಬರೆದದ್ದು, ಒಬ್ಬರಿಗೂ ಗೊತ್ತಿಲ್ಲ. ಒಂಬತ್ತರಿಂದ ಶುರುವಾಗಿದೆ ಎಂದರೆ ಲೆಕ್ಕ ಮುಂದುವರಿದಿದೆ, ನಾಳೆ ಯಾರ ಮನೆಗೆ ಬರುತ್ತದೋ ಎಂದು ಜಿಲಾನಿಸಾಬ್ ಬಿಡಿಸಿ ಹೇಳಿದ. ಆತ ಹೇಳಿದ್ದೇ ತಡ, ಹೆಂಗಸರೆಲ್ಲ ತಂತಮ್ಮ ಕಂಬಗಳಿಗೆ ಖಣ ಕಟ್ಟಿ ವಿಭೂತಿ ಬಳಿಯಲು ಓಡಿದರು. ಕೆಲವರು, ತೆಗೆದುಕೊಂಡು ಹೋಗುವವರಿಗೆ ನಮ್ಮದನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ ಎಂದು ಕಾಣಲಿ ಎಂದು, ತಾವೇ ಯಾವುದೋ ಒಂದು ನಂಬರು ಗೀಚಿಕೊಂಡರು. ಅಮರಗುಂಡಪ್ಪ ದೊಡ್ಡಬಸಪ್ಪನ ಕೈ ಹಿಡಿದು ಹೇಳಿದ: “ಬಸಣ್ಣ, ನಿಮ್ಮದು ಎಪ್ಪತ್ತು ವರ್ಷದ್ದ. ನಾ ಹೇಳ್ತೀನಿ. ನಮ್ಮದು ಅರವತ್ತು. ನೀ ಹೇಳು.”

ಶುಕ್ರವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಲಾರಿಯ ಹಾರ್ನ್ ಕೇಳಿತು.

ದೊಡ್ಡಬಸಪ್ಪನಿಗೆ ಕಾಯ್ದೆ, ಜೈಲು, ಊರ ಸಾಕ್ಷಿ ಎಲ್ಲ ಮರೆತುಹೋಯಿತು. ಒಳಗೆ ಓಡಿ ಅಂಬಮ್ಮನ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, “ಒಯ್ಯಂಗಿಲ್ಲ! ಸುಳ್ಳು ಹೇಳೀನಿ ನಾನು! ಒಯ್ದರ ನನ್ನನ್ನ ಸೇರಿಸಿ ಒಯ್ಯಿರಿ!” ಎಂದು ಕೂಗಿದ. ಅಂಬಮ್ಮ ಅವನ ಪಕ್ಕದಲ್ಲಿ ಕುಳಿತು ಅವನ ಕಾಲು ಹಿಡಿದುಕೊಂಡಳು. ಓಣಿಯಲ್ಲಿ ಎದುರು ಮನೆಯಿಂದಲೂ ಅಂಥದೇ ಕೂಗು ಕೇಳುತ್ತಿತ್ತು.

ಲಾರಿ ಮನೆಯ ಮುಂದೆ ನಿಂತಿತು. ಅದರಲ್ಲಿ ಇದ್ದದ್ದು ಪಾರ್ವತೆಮ್ಮನ ತಮ್ಮ ಸಿಂಧನೂರಿನಿಂದ ಕಳಿಸಿದ ಸಿಮೆಂಟು. ಅದರ ಹಿಂದೆ, ಲಾರಿಯ ಧೂಳು ನುಂಗುತ್ತ, ಗೋಪಣ್ಣನ ಮೋಪೆಡ್ ಮೇಲೆ ಮಾರ್ಟಿನಾ ಬಂದಳು. ಬಗಲಲ್ಲಿ ಒಂದು ಉದ್ದನೆಯ ಕಾಗದದ ಸುರುಳಿ.

ಗೋಪಣ್ಣ ಒಳಗೆ ಬಂದು ಕಂಬ ತಬ್ಬಿದ ದೊಡ್ಡಬಸಪ್ಪನನ್ನು ನೋಡಿದ. “ಏನಾತ್ರಿ?”

ಏನಾಯಿತೆಂದು ಹತ್ತು ಬಾಯಿ ಒಟ್ಟಿಗೆ ಹೇಳಿದವು. ಗೋಪಣ್ಣನಿಗೆ ನಗು ಬಂತು, ಆದರೆ ಜಿಲಾನಿಸಾಬನ ಮುಖ ನೋಡಿ ತಡೆದುಕೊಂಡು ಮಾರ್ಟಿನಾಗೆ, ನೀನು ಏನು ಒಯ್ಯುತ್ತೀಯೆಂದು ಕೇಳುತ್ತಿದ್ದಾರೆ ಎಂಬ ಅರ್ಧ ಮಾತ್ರ ಹೇಳಿದ. ಅವಳು ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದಳು. ಅದರಲ್ಲಿ ಮನೆ ಇತ್ತು. ಎಂಟು ಕಂಬ, ಗೂಡು, ಹೊಸ್ತಿಲು, ಗೋಡೆಯ ಬಿರುಕು ಕೂಡ. ಒಂದನೆಯ ಕಂಬದ ಬುಡದಲ್ಲಿ ಕಾಲು ಚಾಚಿ ಕುಳಿತ ಅಂಬಮ್ಮನೂ ಇದ್ದಳು, ಪಕ್ಕದಲ್ಲಿ ಮಂಡಕ್ಕಿ ಬುಟ್ಟಿ.

“ಇಷ್ಟ ಒಯ್ಯೋದಂತ,” ಎಂದ ಗೋಪಣ್ಣ. “ಕಾಗದ. ನಂಬರು ಹಾಕಿದ್ದು ಚಿತ್ರದಾಗ ಗುರ್ತಿಗೆ.”

ದೊಡ್ಡಬಸಪ್ಪ ನಿಧಾನ ಕಂಬ ಬಿಟ್ಟ. ಕೈಯಲ್ಲಿ ವಿಭೂತಿ ಹತ್ತಿತ್ತು. ಅಂಬಮ್ಮ ಬಗ್ಗಿ ಚಿತ್ರದಲ್ಲಿದ್ದ ತನ್ನನ್ನು ನೋಡಿ, “ನಾ ಇಷ್ಟು ಮುದುಕಿ ಆಗೀನೇನಬೇ?” ಎಂದು ಕಣ್ಣೊರೆಸಿಕೊಂಡಳು. ಎಲ್ಲರೂ ಉಸಿರು ಬಿಟ್ಟರು. ಉಸಿರು ಬಿಟ್ಟ ಮೇಲೆ ದೊಡ್ಡಬಸಪ್ಪನಿಗೆ ಸಣ್ಣಗೆ ಅವಮಾನವಾಗತೊಡಗಿತು.

“ಯಾಕ ಒಯ್ಯಂಗಿಲ್ಲಂತ ಕೇಳು,” ಎಂದ. “ನಮ್ಮ ಮನಿಗೆ ಏನು ಕಡಿಮಿ ಆಗೈತಿ?”

ಗೋಪಣ್ಣ ಇದನ್ನು ಅವಳಿಗೆ ಹೇಳಲಿಲ್ಲ, ಯಾಕೆಂದರೆ ಮಾರ್ಟಿನಾ ಆಗ ಬೇರೇನೋ ಕೇಳುತ್ತಿದ್ದಳು. ಖಣ ಕಟ್ಟಿದ, ವಿಭೂತಿ ಎಳೆದ, ಏಳು ಎಂದು ಬರೆದ ಮೊದಲ ಕಂಬದ ಮುಂದೆ ನಿಂತಿದ್ದಳು. ತಾನು ಒಂದು ಬರೆದದ್ದು ಏಳಾಗಿದೆ. ಹೊರಗೆ ಹೋಗಿ ನೋಡಿದರೆ ಓಣಿಯ ಕಂಬ ಕಂಬಕ್ಕೂ ನಂಬರು, ಖಣ, ವಿಭೂತಿ. ಅವಳ ಕಣ್ಣು ಅಗಲವಾದವು. ಪೆನ್ನು ತೆಗೆದಳು.

“ಇದು ಏನು ಪದ್ಧತಿ ಅಂತ ಕೇಳಾಕತ್ತಾಳ,” ಎಂದ ಗೋಪಣ್ಣ. “ಕಂಬಕ್ಕ ನಂಬರು ಬರದು ಪೂಜಿ ಮಾಡೋದು ಎಲ್ಲೂ ನೋಡಿಲ್ಲಂತ.”

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಮರಗುಂಡಪ್ಪ ತನ್ನ ಕಂಬದ ಒಂಬತ್ತನ್ನು ನೋಡಿದ, ದೊಡ್ಡಬಸಪ್ಪನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಚಾಕ್‌ಪೀಸಿನ ತುಂಡನ್ನು ನೋಡಿದ, ಮತ್ತೆ ಒಂಬತ್ತನ್ನು ನೋಡಿದ. ಅವನ ಬಾಯಿ ತೆರೆಯತೊಡಗಿತು. ದೊಡ್ಡಬಸಪ್ಪನಿಗೆ ಆ ವಾರದ ಅಂಜಿಕೆಗಳೆಲ್ಲ ಸೇರಿದರೂ ಸಮನಾಗದಂಥ ಒಂದು ಅಂಜಿಕೆ ಬಂತು.

“ಪದ್ಧತಿ ರೀ ಇದು!” ಎಂದು ಕೂಗಿದ. “ನಮ್ಮ ಓಣ್ಯಾಗಿನ ಪದ್ಧತಿ! ನಾನೂರು ವರ್ಷದಿಂದ ನಡದು ಬಂದೈತಿ!”

ಅಮರಗುಂಡಪ್ಪನ ಬಾಯಿ ತೆರೆದೇ ನಿಂತಿತು. ಸತ್ಯ ಹೇಳಿದರೆ ದೊಡ್ಡಬಸಪ್ಪ ಸಿಕ್ಕಿಬೀಳುತ್ತಾನೆ. ಆದರೆ ಚಾಕ್‌ಪೀಸಿನ ಗೆರೆಗೆ ಅಂಜಿ ಮುಂಜಾನೆ ತಾನೂ ಒಂದು ಕಂಬ ತಬ್ಬಿ ಅತ್ತದ್ದು ಊರಿಗೆ ಕಥೆಯಾಗುತ್ತದೆ. ಸ್ವಲ್ಪ ಯೋಚಿಸಿ ಬಾಯಿ ಮುಚ್ಚಿದ. ಮತ್ತೆ ತೆರೆದು, “ನಮ್ಮ ಮನ್ಯಾಗ ಮುನ್ನೂರು ವರ್ಷದಿಂದ,” ಎಂದ.

ಮಾರ್ಟಿನಾ ಎಲ್ಲ ಬರೆದುಕೊಂಡಳು. ಗೋಪಣ್ಣ ಕಂಬಗಳ ಫೋಟೋ ಹೊಡೆದ. ಅಂಬಮ್ಮ ಹುಡುಗಿಯ ಸೆರಗಿಲ್ಲದ ಅಂಗಿಗೂ ಹೇಗೋ ಮಾಡಿ ಉಡಿ ತುಂಬಿಸಿ, “ಹೋಗಿ ಬಾ ಮಾರೆಮ್ಮ,” ಎಂದು ಕಳಿಸಿಕೊಟ್ಟಳು.

ಬಂದ ಸಿಮೆಂಟು ತಿರುಗಿ ಹೋಗಲಿಲ್ಲ. ಪಾರ್ವತೆಮ್ಮ ಹಿತ್ತಲ ಕಡೆ ಎರಡು ಕೋಣೆ ಸ್ಲ್ಯಾಬ್ ಹಾಕಿಸಿ ಮಕ್ಕಳೊಡನೆ ಅಲ್ಲಿ ಮಲಗಿದಳು, ಮುಂದಿನ ಪಡಸಾಲೆ ಅಂಬಮ್ಮನಿಗೆ ಉಳಿಯಿತು. ದೊಡ್ಡಬಸಪ್ಪ ನಡುವಿನ ಬಾಗಿಲಲ್ಲಿ ಮಲಗತೊಡಗಿದ. ಮರುವರ್ಷ ಜರ್ಮನಿಯಿಂದ ಒಂದು ಫೋಟೋ ಬಂತು: ಯಾವುದೋ ದೊಡ್ಡ ಕಾಲೇಜಿನ ಗೋಡೆಯ ಮೇಲೆ ಮಸ್ಕಿಯ ಮನೆಯ ಚಿತ್ರ, ಪಕ್ಕದಲ್ಲಿ ಉಡಿ ತುಂಬಿದ ಕಂಬ. ಅದನ್ನು ನೋಡಿದ ಮೇಲೆ ಆ ಶಿವರಾತ್ರಿಗೆ ನಂಬರು ಬರೆಯದೆ ಬಿಡಲು ಯಾರಿಗೂ ಧೈರ್ಯ ಬರಲಿಲ್ಲ. ಪರದೇಶದವರು ಮತ್ತೆ ನೋಡಲು ಬಂದರೆ? ಪಾರ್ವತೆಮ್ಮ ತನ್ನ ಸಿಮೆಂಟಿನ ಕಂಬಕ್ಕೂ ಒಂದು ನಂಬರು ಬರೆದು ಖಣ ಕಟ್ಟಿದಳು.

ಮೂರ್ನಾಲ್ಕು ವರ್ಷಕ್ಕೆ ಅಮರಗುಂಡಪ್ಪನ ಮನೆಗೆ ಪಾಮನಕಲ್ಲೂರಿನಿಂದ ಸೊಸೆ ಬಂದಳು. ಮೊದಲ ಶಿವರಾತ್ರಿಗೆ ಅವಳ ಕೈಗೆ ಚಾಕ್‌ಪೀಸ್ ಕೊಟ್ಟು ಒಂಬತ್ತರಿಂದ ಬರೆ ಅಂದರು. ಒಂಬತ್ತರಿಂದ ಯಾಕೆ ಎಂದು ಅವಳು ಕೇಳಿದಳು. ಮಾವ ಎಲೆ ಅಡಿಕೆ ಹುಡುಕುತ್ತ ಒಳಗೆ ಹೋದ. ಅವಳು ಓಣಿ ದಾಟಿ ಬಂದು ಅಂಗಡಿಯಲ್ಲಿ ಕುಳಿತ ದೊಡ್ಡಬಸಪ್ಪನನ್ನು ಕೇಳಿದಳು.

“ಮಾವಾರ, ಈ ನಂಬರು ಯಾಕ ಬರೀತಾರ್ರಿ?”

ದೊಡ್ಡಬಸಪ್ಪ ಆಚೀಚೆ ನೋಡಿದ. ಜಿಲಾನಿಸಾಬ್ ಇರಲಿಲ್ಲ, ಹೋಟೆಲಿನವರು ಯಾರೂ ಇರಲಿಲ್ಲ.

“ನಾನೂರು ವರ್ಷದ ಪದ್ಧತಿ ಐತವ್ವಾ ಇದು. ಒಂದು ವರ್ಷ ತಪ್ಪಿಸಿದ್ರ ಮನಿ ಊರು ಬಿಟ್ಟು ಹೋಗ್ತದಂತ.”

ಹುಡುಗಿ ಗಾಬರಿಯಾಗಿ ಮನೆಗೆ ಓಡಿ ಬೇಗಬೇಗ ಬರೆಯತೊಡಗಿದಳು. ಅವಳನ್ನು ನೋಡುತ್ತ ಕುಳಿತ ದೊಡ್ಡಬಸಪ್ಪನಿಗೆ ತಾನಾಡಿದ ಮಾತಿಗೆ ತನಗೇ ಅಂಜಿಕೆಯಾಯಿತು. ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋಗಿ, ಕಂಬ ಎಂಟೂ ಇವೆಯೋ ಎಂದು ಎಣಿಸಿ ಬಂದ.